ಹೊಸಿಲಾಚೆ ಚಪ್ಪಲಿ, ಹೊಸಿಲೊಳಗೆ ಬರಿಗಾಲು

ಕಳೆದ ವಾರ ಊರಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಶಿವಮೊಗ್ಗದ ಕಡೆ ಹೊಸದಾಗಿ ಶುರುವಾದ ರಕ್ತಪರೀಕ್ಷೆಯ ಲ್ಯಾಬು. ಬಾಗಿಲಿಗೆ ಮಾವಿನ ತೋರಣ, ಹೊಸಿಲಿಗೆ ಅರಿಸಿನ ಕುಂಕುಮ, ಒಳಗೆ ಫಳಫಳ ಹೊಳೆಯುವ ಬಯೋಸೇಫ್ಟಿ ಕ್ಯಾಬಿನೆಟ್, ಅಂದರೆ ಸ್ಯಾಂಪಲ್ಲಿನ ರೋಗಾಣು ಕೆಲಸದವರ ಮೇಲೆ ಬಾರದಂತೆ ಗಾಳಿಯಿಂದ ತಡೆಯುವ ಪೆಟ್ಟಿಗೆ. ನೋಡಿ ಹಿಗ್ಗಾಯಿತು. ಆಮೇಲೆ ಕಣ್ಣು ಕೆಳಗೆ ಹೋಯಿತು. ಕ್ಯಾಬಿನೆಟ್ಟಿನ ಮುಂದೆ ಕೂತ ಹುಡುಗಿಗೆ ಬಿಳಿ ಕೋಟು, ಮಾಸ್ಕು, ಗ್ಲೌಸು ಎಲ್ಲ ಇದೆ, ಕಾಲು ಮಾತ್ರ ಬರಿಗಾಲು. ಹೊಸಿಲಾಚೆ ಚಪ್ಪಲಿಗಳ ರಾಶಿ. ಮನಸ್ಸಿಗೆ ಚುರುಕ್ ಎಂದಿತು.

ಇಲ್ಲಿ ಹ್ಯೂಸ್ಟನ್ನಿನಲ್ಲಿ ಬೂಟು ಹಾಕಿಕೊಂಡೇ ಮನೆಯೊಳಗೆಲ್ಲ ಓಡಾಡುವವರಿದ್ದಾರೆ. ಅದು ನನಗೆ ಇವತ್ತಿಗೂ ಒಗ್ಗಿಲ್ಲ. ಆದರೆ ಲ್ಯಾಬಿನ ವಿಷಯದಲ್ಲಿ ಇವರದೇ ಸರಿ. ಪಾದ ಪೂರ್ತಿ ಮುಚ್ಚುವ ಬೂಟಿಲ್ಲದೆ ಬಂದರೆ ಎಂಥ ದೊಡ್ಡ ಪ್ರೊಫೆಸರಾದರೂ ಬಾಗಿಲಿಂದಲೇ ವಾಪಸ್. ನಮ್ಮಲ್ಲಿ ಬೂಟು ಹಾಕಿ ಒಳಗೆ ಬಂದವನಿಗೇ ಬೈಗುಳ.

ಲ್ಯಾಬಿನಲ್ಲಿ ಕೈಜಾರಿದ್ದೆಲ್ಲ ಬೀಳುವುದು ಕಾಲ ಬಳಿಯೇ. ಸೂಜಿ, ಒಡೆದ ಸ್ಲೈಡು, ಆಸಿಡ್ ಬಾಟಲಿ. ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಿಂದ ತೆಗೆಯುವಾಗ ಗಾಜಿನ ಟ್ಯೂಬು ಬಿದ್ದು ಒಡೆದರೆ ಸಾಸಿವೆಯಷ್ಟು ಚೂರು ಮೇಜಿನಡಿ ಸೇರಿಕೊಳ್ಳುತ್ತದೆ, ಗುಡಿಸಿದರೂ ಸಿಗುವುದಿಲ್ಲ. ಆ ಚೂರಿಗೆ ರೋಗಿಯ ರಕ್ತ ಅಂಟಿರುತ್ತದೆ. ಹವಾಯಿ ಚಪ್ಪಲಿ ಹಾಕಿದರೆ ಸಾಕಲ್ಲ ಎನ್ನುವವರು ಜುಲೈ ತಿಂಗಳ ನೆಲ ನೆನಪಿಸಿಕೊಳ್ಳಲಿ. ಥಂಡಿಗೆ ಬೆವರಿದ ಟೈಲ್ಸ್ ಮೇಲೆ, ಎರಡೂ ಕೈಯಲ್ಲಿ ಸ್ಯಾಂಪಲ್ ಟ್ರೇ ಹಿಡಿದವರು ಜಾರಿದರೆ ಏನನ್ನು ಹಿಡಿದುಕೊಳ್ಳಬೇಕು?

ನಮ್ಮ ಸೀಮೆಯ ಜ್ವರದ ರಕ್ತ ಬೇರೆ ಕಡೆಯ ಹಾಗಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚಿದವರಿಗೆ ಮಾತ್ರ ಬಂದದ್ದಲ್ಲ, ಆ ವೈರಸ್ ಇಟ್ಟುಕೊಂಡು ಕೆಲಸ ಮಾಡಿದ ಲ್ಯಾಬಿನವರಿಗೂ ತಗುಲಿದೆ. ಮುಚ್ಚಳ ತೆಗೆಯದ ಸ್ಯಾಂಪಲ್ಲಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಹೊಸ ಲ್ಯಾಬಿನವರು ಮೊದಲು ಮಾಡಬೇಕಾದದ್ದು ಬಾಗಿಲ ಕೆಲಸ. ಹೊಸಿಲು ದಾಟಿದ ಕೂಡಲೇ ಅಡ್ಡಕ್ಕೆ ಒಂದೂವರೆ ಅಡಿ ಎತ್ತರದ ಬೆಂಚು. ಆಚೆ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕೂತು, ಕಾಲನ್ನು ಈಚೆಗೆ ತಿರುಗಿಸಿ ಲ್ಯಾಬಿನ ಬೂಟು ಹಾಕಿಕೊಳ್ಳಬೇಕು. ತೂತಿಲ್ಲದ, ಹಿಮ್ಮಡಿ ಮುಚ್ಚುವ, ತೊಳೆಯಲು ಬರುವ ಬೂಟು. ಒಬ್ಬೊಬ್ಬರಿಗೆ ಎರಡೆರಡು ಜೊತೆ ಬೇಕು. ಮಳೆಗಾಲದಲ್ಲಿ ತೊಳೆದದ್ದು ಮರುದಿನಕ್ಕೆ ಒಣಗುವುದಿಲ್ಲ. ಒಂದೇ ಜೊತೆಯಿದ್ದರೆ ಬೂಷ್ಟು ಹಿಡಿದು, ವಾರದಲ್ಲಿ ಎಲ್ಲರೂ ಮತ್ತೆ ಬರಿಗಾಲಿಗೇ ಬರುತ್ತಾರೆ. ಚಹಾಕ್ಕೆ ಹೋಗುವಾಗ ಆ ಬೂಟು ಬೆಂಚು ದಾಟಬಾರದು.

ಸ್ಯಾಂಪಲ್ ಚೆಲ್ಲಿದರೆ ಉಸಿರು ಬಿಗಿಹಿಡಿದು ಎಲ್ಲರೂ ಹೊರಗೆ, ಬಾಗಿಲು ಹಾಕಿ 30 ನಿಮಿಷ ಯಾರೂ ಒಳಗೆ ಹೋಗಬಾರದು. ಗಾಳಿಗೆ ಹಾರಿದ ತುಂತುರು ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಆಮೇಲೆ ಬೂಟು, ಮಾಸ್ಕು, ಗ್ಲೌಸು ಹಾಕಿ ಹೋಗಿ ಬಟ್ಟೆ ಮುಚ್ಚಿ, ಅಂಚಿನಿಂದ ನಡುವಿಗೆ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು ಇನ್ನೊಂದು ಅರ್ಧ ಗಂಟೆ ಬಿಡಬೇಕು. 5% ದ್ರಾವಣ ಒಂದು ಪಾಲಿಗೆ ನೀರು ನಾಲ್ಕು ಪಾಲು. ದಿನಾ ಬೆಳಿಗ್ಗೆ ಹೊಸದು. ನಿನ್ನೆಯದಕ್ಕೆ ವಾಸನೆ ಇರುತ್ತದೆ, ಶಕ್ತಿ ಕುಂದಿರುತ್ತದೆ. ಆಸಿಡ್ ಇರುವಲ್ಲಿ ಇದನ್ನು ಸುರಿಯಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಕರೆಂಟು ಹೋಯಿತೆಂದರೆ ಕ್ಯಾಬಿನೆಟ್ಟಿನ ಫ್ಯಾನು ನಿಂತಿತು, ಕೆಲಸದವರನ್ನು ಕಾಯುವ ಗಾಳಿಯ ಪರದೆಯೂ ಹೋಯಿತು. ಟ್ಯೂಬಿನ ಮುಚ್ಚಳ ಹಾಕಿ, ಕ್ಯಾಬಿನೆಟ್ಟಿನ ಮುಂದಿನ ಗಾಜು ಇಳಿಸಿ. ಕರೆಂಟು ಬಂದ ಮೇಲೂ ಐದು ನಿಮಿಷ ಫ್ಯಾನು ಓಡಲಿ. ಜನರೇಟರ್ ಹತ್ತಿಕೊಳ್ಳುವವರೆಗಿನ ಕೆಲವು ಸೆಕೆಂಡಿಗೂ ಯುಪಿಎಸ್ ಬೇಕು.

ಆಸಿಡ್ಡೋ ಸ್ಯಾಂಪಲ್ಲೋ ಸಿಡಿದರೆ ಕಣ್ಣು ತೊಳೆಯುವ ನಲ್ಲಿಯನ್ನು ಇಲ್ಲಿ ವಾರಕ್ಕೊಮ್ಮೆ ತಿರುಗಿಸಿ, ನೇತುಹಾಕಿದ ಕಾರ್ಡಿಗೆ ಸಹಿ ಮಾಡುತ್ತಾರೆ. ಊರಿನ ಬೋರ್‌ವೆಲ್ ನೀರಿಗೆ ಇದು ಇನ್ನೂ ಮುಖ್ಯ. ತಿಂಗಳುಗಟ್ಟಲೆ ಮುಟ್ಟದ ಪೈಪಿನಿಂದ ಮೊದಲು ಬರುವುದು ಕೆಂಪು ನೀರು. ಕಣ್ಣಿಗೆ ನಿಮಿಷಕ್ಕೆ ಒಂದೂವರೆ ಲೀಟರಿನಂತೆ 15 ನಿಮಿಷ, ಅಂದರೆ 23 ಲೀಟರ್ ಹತ್ತಿರ. ಮೈಮೇಲೆ ಸುರಿಯುವ ಶವರಿಗೆ ಅಷ್ಟೇ ಹೊತ್ತು ನಿಮಿಷಕ್ಕೆ 75 ಲೀಟರ್. ಮೇಲಿನ ಟ್ಯಾಂಕಿನಲ್ಲಿ 1,200 ಲೀಟರ್ ಸದಾ ಉಳಿದಿರಲೇಬೇಕು, ಪಂಪು ನಂಬಿ ಕೂರುವ ಊರಲ್ಲ ನಮ್ಮದು.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಬೂಟಿನಲ್ಲಿ ಇಷ್ಟು ಬಿಗಿ ಇರುವ ಇಲ್ಲಿಯವರು ಕೈಯ ವಿಷಯದಲ್ಲಿ ಸಡಿಲ. ಗ್ಲೌಸ್ ಹಾಕಿದ ಕೈಯಲ್ಲೇ ಬಾಗಿಲ ಹಿಡಿ ತಿರುಗಿಸುತ್ತಾರೆ, ಲಿಫ್ಟಿನ ಗುಂಡಿ ಒತ್ತುತ್ತಾರೆ, ಮೊಬೈಲು ಕೆನ್ನೆಗಿಟ್ಟುಕೊಳ್ಳುತ್ತಾರೆ. ಎಷ್ಟು ಪೋಸ್ಟರ್ ಅಂಟಿಸಿದರೂ ತಲೆಗೆ ಹೋಗುವುದಿಲ್ಲ. ಮಲೆನಾಡಿನ ಅಡುಗೆಮನೆಯಲ್ಲಿ ಬೆಳೆದ ಹುಡುಗಿಗೆ ಇದನ್ನು ಕಲಿಸಬೇಕೇ? ಅನ್ನದ ಪಾತ್ರೆ ಮುಟ್ಟಿದ ಕೈ ತೊಳೆಯದೆ ಅವಳು ಹಾಲಿನ ಪಾತ್ರೆಗೆ ಹೋಗುವವಳಲ್ಲ, ಮಿಡಿ ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ಹಾಕುವವಳಲ್ಲ. ಗ್ಲೌಸ್ ಹಾಕಿದ ಕೈ ಮುಸುರೆ ಕೈ ಎಂದರೆ ಸಾಕು. ತೆಗೆದು, ಸೋಪಿನಲ್ಲಿ ತೊಳೆದು, ಆಮೇಲೇ ರಿಜಿಸ್ಟರ್ ಮುಟ್ಟುತ್ತಾಳೆ. ಬಾಗಿಲಾಚೆ ಚಪ್ಪಲಿ ಬಿಟ್ಟದ್ದೂ ತಪ್ಪಲ್ಲ, ಅಲ್ಲೇ ಇರಲಿ. ಒಳಗೆ ಅವಳ ಅಳತೆಯ ಬೂಟು ಕಾದಿರಲಿಲ್ಲ, ಅಷ್ಟೇ.