ತೋಟದ ಸೀರಿಯಲ್‌ನಲ್ಲಿ ತೋಟದ ರೈಟ್ರು ಎಲ್ಲಿ?

ನಿನ್ನೆ ಮಧ್ಯಾಹ್ನದ ಮರುಪ್ರಸಾರ ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ. ಸೀರಿಯಲ್ ಹೆಸರು ಬೇಡ, ನೋಡುವವರಿಗೆ ಗೊತ್ತಾಗುತ್ತೆ. ಕಥೆ ನಡೆಯೋದು ‘ಚಿಕ್ಕಮಗಳೂರಿನ ಕಾಫಿ ಎಸ್ಟೇಟ್’ನಲ್ಲಿ. ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಬಂದಿದ್ದಾಳೆ. ಆಷಾಢ ಅನ್ನೋ ಮಾತನ್ನ ತಾಯಿ ಬಾಯಲ್ಲಿ ಮೂರು ಸಲ ಹೇಳಿಸಿದ್ದಾರೆ. ಅಂದರೆ ಜೂನ್ ಕೊನೆ ಇಲ್ಲಾ ಜುಲೈ. ಮುಂದಿನ ದೃಶ್ಯಕ್ಕೆ ಡ್ರೋನ್ ಶಾಟ್, ಇಡೀ ತೋಟ ಹೂವಾಗಿ ಬೆಳ್ಳಗಿದೆ. ಅದರ ಹಿಂದೆಯೇ ಅದೇ ಹುಡುಗಿ ಜರಿ ಸೀರೆ ಉಟ್ಟು, ಪುಟ್ಟ ಬುಟ್ಟಿ ಹಿಡಿದು, ಕೆಂಪು ಹಣ್ಣು ಬಿಡಿಸುತ್ತಾ ನಗ್ತಿದ್ದಾಳೆ. ಮಳೆ ಒಂದು ಹನಿ ಇಲ್ಲ. ಏಪ್ರಿಲ್, ಜುಲೈ, ಡಿಸೆಂಬರ್ ಮೂರೂ ಎರಡು ನಿಮಿಷದಲ್ಲಿ ಮುಗಿದುಹೋದವು.

ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲೂರು ಕಡೆಯ ಎಷ್ಟು ಮನೆಗಳಲ್ಲಿ ಊಟ ಮುಗಿಸಿ ಇದನ್ನ ನೋಡ್ತಾರೆ. ನೋಡುವವರಲ್ಲಿ ಅರ್ಧ ಜನ ಬೆಳಿಗ್ಗೆಯಷ್ಟೇ ತೋಟದಿಂದ ಬಂದವರು. ಅವರ ಊರಿನ ಹೆಸರು ಹಾಕಿಕೊಂಡು ಅವರಿಗೇ ಇದನ್ನ ತೋರಿಸ್ತಾರಲ್ಲ, ಅದಕ್ಕೇ ನನಗೆ ಸಿಟ್ಟು.

ಲೆಕ್ಕ ಏನೂ ಕಷ್ಟದ್ದಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಹೂವು. ಮೂರು-ನಾಲ್ಕು ದಿನ ಬೆಳ್ಳಗಿದ್ದು ಆಮೇಲೆ ಕಂದಾಗುತ್ತೆ. ಹದಿನೈದು-ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ, ನಮ್ಮವರು ಬ್ಯಾಕಿಂಗ್ ಅನ್ನೋದು, ಬಂದರೆ ಕಾಯಿ ಕಚ್ಚುತ್ತೆ. ಬರಲಿಲ್ಲ ಅಂದರೆ ಆ ವರ್ಷದ ಫಸಲು ಅಲ್ಲೇ ಹೋಯಿತು. ಅರೇಬಿಕಾ ಹಣ್ಣಾಗೋಕೆ ಎಂಟು-ಒಂಬತ್ತು ತಿಂಗಳು, ರೋಬಸ್ಟಾಗೆ ಹತ್ತು-ಹನ್ನೊಂದು. ಹಾಗಾಗಿ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆ. ಜುಲೈನಲ್ಲಿ ಗಿಡದಲ್ಲಿರೋದು ಹಸಿರು ಕಾಯಿ, ಕೆಳಗೆ ಇಂಬಳ (ಜಿಗಣೆ), ಮೇಲೆ ಬಿಡದೆ ಸುರಿಯೋ ಮಳೆ. ಆಗ ತೋಟದ ಕೆಲಸ ಅಂದರೆ ಚರಂಡಿ ಬಿಡಿಸೋದು, ಸತ್ತ ಗಿಡದ ಜಾಗಕ್ಕೆ ಸಸಿ ನೆಡೋದು, ಗಾಳಿಗೆ ಬಿದ್ದ ಕೊಂಬೆ ಎಳೆದುಹಾಕೋದು.

ಇದು ಯಾಕೆ ತಪ್ಪುತ್ತೆ ಅನ್ನೋದೂ ಸೀರಿಯಲ್ ಕೆಲಸ ಬಲ್ಲವರಿಗೆ ಗೊತ್ತು. ಕಥೆಯ ಮನೆ ಇರೋದು ಬೆಂಗಳೂರಲ್ಲಿ, ಬಾಡಿಗೆ ಬಂಗಲೆ. ಶುರುವಿನಲ್ಲಿ ಮೂರು-ನಾಲ್ಕು ದಿನ ಯೂನಿಟ್ ಇಲ್ಲಿಗೆ ಬಂದು ನಾಯಕಿ ಓಡೋದು, ಜೀಪು ಬರೋದು, ಗೇಟು ತೆಗೆಯೋದು, ಡ್ರೋನ್ ಮೇಲೇರೋದು ಎಲ್ಲ ತೆಗೆದುಕೊಂಡು ಹೋಗುತ್ತೆ. ಬಂದದ್ದು ಏಪ್ರಿಲ್ ಆದರೆ ಹೂವು ಸಿಗುತ್ತೆ, ಡಿಸೆಂಬರ್ ಆದರೆ ಹಣ್ಣು. ಆಮೇಲೆ ಎರಡು-ಮೂರು ವರ್ಷ ಅದೇ ಶಾಟ್‌ಗಳನ್ನ ಪ್ರತಿ ದೃಶ್ಯದ ಮುಂದೆ ಅಂಟಿಸೋದು. ಸಂಭಾಷಣೆ ಬರೆಯುವವರು ಎಡಿಟಿಂಗ್ ಟೇಬಲ್ಲಿಗೆ ಹೋಗಲ್ಲ, ಎಡಿಟರ್‌ಗೆ ಹೂವು ಯಾವಾಗ ಅಂತ ಗೊತ್ತಿಲ್ಲ. ಕಥೆ ಒಬ್ಬರದ್ದು, ಚಿತ್ರಕಥೆ ಒಬ್ಬರದ್ದು, ಮಾತು ಇನ್ನೊಬ್ಬರದ್ದು. ಆಷಾಢ ಅಂತ ಬರೆದವರಿಗೂ ಹೂವು ಅಂಟಿಸಿದವರಿಗೂ ನಡುವೆ ಒಂದು ಫೋನ್ ಕರೆ ಇಲ್ಲ. ತೋಟದ ವರ್ಷದ ಒಂದು ಕ್ಯಾಲೆಂಡರ್ ಬರೆದು ಎಡಿಟಿಂಗ್ ರೂಮಿನ ಗೋಡೆಗೆ ಹಚ್ಚಿದ್ದರೂ ಸಾಕಿತ್ತು.

ನಟಿಯನ್ನ ಬೈಯುವವರಿಗೆ ಒಂದು ಮಾತು. ಫ್ಯಾನ್ ಪೇಜ್‌ಗಳಲ್ಲಿ ನಿನ್ನೆಯಿಂದ ಆ ಹುಡುಗಿಯ ಸೀರೆ ಮೇಲೆ ಜಗಳ ನಡೀತಿದೆ. ಅವಳ ತಪ್ಪೇನಿದೆ? ಕೊಟ್ಟ ಸೀರೆ ಉಟ್ಟಿದ್ದಾಳೆ, ಬುಟ್ಟಿ ಹಿಡಿ ಅಂದರು, ಹಿಡಿದಳು. ಕುಯ್ಲಿನಲ್ಲಿ ಹೆಂಗಸರು ಸೀರೆ ಮೇಲೆ ಗಂಡಸರ ಹಳೇ ಶರ್ಟು ತೊಡ್ತಾರೆ, ತಲೆಗೆ ಟವೆಲ್ ಕಟ್ತಾರೆ, ಸೊಂಟಕ್ಕೆ ಚೀಲ. ಅವಳಿಗೆ ಇದನ್ನ ಒಬ್ಬರು ಹೇಳಿದ್ದರೆ ಚೆನ್ನಾಗೇ ಮಾಡ್ತಿದ್ದಳು, ಮುಖದಲ್ಲಿ ಆ ಶಕ್ತಿ ಇದೆ.

ಅದೂ ಅಲ್ಲದೆ ನಮ್ಮ ಪ್ರೇಕ್ಷಕರು ನಟರ ವಿಷಯದಲ್ಲಿ ಬಹಳ ಉದಾರಿಗಳು. ‘ಲಕ್ಷ್ಮೀ ಬಾರಮ್ಮ’ದಲ್ಲಿ ಚಿನ್ನು ಪಾತ್ರಕ್ಕೆ ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದಾಗ ಒಂದಷ್ಟು ದಿನ ಗೊಣಗಿದರು, ಆಮೇಲೆ ಅವರನ್ನೇ ಚಿನ್ನು ಅಂತ ಕರೆದರು. ಮುಖ ಬದಲಾದರೂ ಒಪ್ಪಿಕೊಳ್ತಾರೆ, ಯಾಕೆಂದರೆ ಚಿನ್ನು ಚಿನ್ನುವಾಗೇ ಉಳಿದಿದ್ದಳು. ಊರು ಊರಾಗಿ ಉಳಿಯದಿದ್ದರೆ ಒಪ್ಪೋದು ಹೇಗೆ?

ಇನ್ನು ಮಾತು. ‘ಚಿಕ್ಕಮಗಳೂರು’ ಅಂದರೆ ಇವರಿಗೆ ಒಂದೇ ಊರು. ಕಡೂರು-ಅಜ್ಜಂಪುರದ ಬಯಲುಸೀಮೆಯೂ ಅದೇ ಜಿಲ್ಲೆ, ಕೊಪ್ಪ-ಶೃಂಗೇರಿಯ ಅಡಿಕೆ ತೋಟವೂ ಅದೇ ಜಿಲ್ಲೆ. ಒಂದು ಕಡೆ ತೆಂಗು, ರಾಗಿ, ಈರುಳ್ಳಿ. ಇನ್ನೊಂದು ಕಡೆ ಮೈಲುತುತ್ತ, ಸುಣ್ಣ ಒಂದೊಂದು ಕೆಜಿ ನೂರು ಲೀಟರ್ ನೀರಿಗೆ ಹಾಕಿ ಅಡಿಕೆ ಗೊನೆಗೆ ಔಷಧಿ ಹೊಡೆಯೋ ಜನ. ಹಾಸನವೂ ಅಷ್ಟೇ, ಅರಸೀಕೆರೆಯ ಒಣಹವೆಯ ಮಾತು ಬೇರೆ, ಸಕಲೇಶಪುರದ್ದು ಬೇರೆ. ಮೂಡಿಗೆರೆ ಕಡೆಯವರು ‘ಎಂತ ಮಾರಾಯ’ ಅಂತ ಶುರು ಮಾಡ್ತಾರೆ. ಚನ್ನರಾಯಪಟ್ಟಣದಲ್ಲಿ ‘ಎಲ್ಗೋಗಿದ್ಲಾ’ ಅಂತಾರೆ. ಸೀರಿಯಲ್‌ನಲ್ಲಿ ಯಜಮಾನರಿಗೆ ಬೆಂಗಳೂರಿನ ಪುಸ್ತಕದ ಕನ್ನಡ, ಆಳುಗಳಿಗೆಲ್ಲ ಮಂಡ್ಯದ ‘ಐತೆ, ಕಣಣ್ಣೋ’. ಬಡವನಾದರೆ ಮಂಡ್ಯ ಮಾತು ಅಂತ ಯಾರು ನಿರ್ಧಾರ ಮಾಡಿದರು? ಮಂಡ್ಯದವರಿಗೂ ಇದು ಅವಮಾನ. ಹಾಸನದಲ್ಲಿ, ಚಿಕ್ಕಮಗಳೂರಲ್ಲಿ ಹವ್ಯಾಸಿ ನಾಟಕ ಮಾಡುವ ಎಷ್ಟು ಜನ ಇದ್ದಾರೆ! ಮೇಸ್ತ್ರಿಯ ಪಾತ್ರಕ್ಕೆ ಅವರಲ್ಲೊಬ್ಬರನ್ನ ಹಾಕಿ, ಮಾತು ತಾನಾಗೇ ಸರಿಹೋಗುತ್ತೆ.

ಎಲ್ಲಕ್ಕಿಂತ ಹೆಚ್ಚು ಬೇಸರ ಆಗೋದು ಆಸ್ತಿ ಕಥೆಯಲ್ಲಿ. ಇದೇ ಸೀರಿಯಲ್‌ನ ಮುಖ್ಯ ಎಳೆ: ಚಿಕ್ಕಪ್ಪ ಅಜ್ಜನಿಗೆ ಹಾಲಿನಲ್ಲಿ ಏನೋ ಬೆರೆಸಿ ಕೊಟ್ಟು, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು, ಬೆಳಗಾಗೋದರೊಳಗೆ ಎಸ್ಟೇಟಿನ ಯಜಮಾನ ಆಗಿಬಿಟ್ಟ. ಮನೆಯವರೆಲ್ಲ ಅಳುತ್ತಾ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಒಂದು ವಾರ ಅದೇ. ಜಮೀನಿನ ಕ್ರಯ ಆಗಬೇಕಾದರೆ ನೋಂದಣಿ ಆಗಲೇಬೇಕು. ಅಜ್ಜ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು, ಕ್ಯಾಮೆರಾ ಮುಂದೆ ಕೂತು ಫೋಟೊ, ಹೆಬ್ಬೆಟ್ಟು ಕೊಡಬೇಕು, ಗುರುತಿಸುವ ಸಾಕ್ಷಿಗಳು ಬೇಕು. ಜಮೀನಿನ ಒಂದು ಭಾಗ ಮಾತ್ರ ಕೊಡೋದಾದರೆ 11ಇ ನಕ್ಷೆ ಬೇಕು, ಅದಕ್ಕೆ ಸರ್ವೆಯವರು ಬಂದು ಅಳೀಬೇಕು. ಆಮೇಲೆ ಮ್ಯುಟೇಷನ್ ಅಂದರೆ ಖಾತೆ ಬದಲಾವಣೆ, ಪಹಣಿಯಲ್ಲಿ ಹೆಸರು. ನಡುವೆ ತಕರಾರು ಹಾಕೋಕೆ ಸಮಯ ಇರುತ್ತೆ. ಇದನ್ನೆಲ್ಲ ಬಿಟ್ಟು ಖಾಲಿ ಹಾಳೆಯ ಸಹಿಗೆ ಮನೆ ಬಿಟ್ಟು ಹೋಗೋ ಕುಟುಂಬ ಮಲೆನಾಡಲ್ಲಿ ಒಂದೂ ಸಿಗಲ್ಲ. ಇಲ್ಲಿ ಬೇಲಿ ಒಂದಡಿ ಸರಿದರೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೀತಾರೆ.

ಕಾಗದದ ಕುತಂತ್ರವೇ ಬೇಕು ಅಂದರೆ ಕಾನೂನಿನಲ್ಲೇ ಬೇಕಾದಷ್ಟಿದೆ. ಉಯಿಲಿಗೆ ನೋಂದಣಿ ಕಡ್ಡಾಯ ಅಲ್ಲ. ಬಿಳಿ ಹಾಳೆ ಮೇಲೆ ಬರೆದು, ಎರಡು ಸಾಕ್ಷಿ ಸಹಿ ಇದ್ದರೆ ಸಾಕು. ಆ ಇಬ್ಬರು ಸಾಕ್ಷಿಗಳು ಯಾರು, ಅವರು ಬದುಕಿದ್ದಾರಾ, ಅಜ್ಜ ಸಹಿ ಹಾಕಿದಾಗ ನಿಜಕ್ಕೂ ನೋಡಿದ್ದರಾ? ಎರಡು ತಿಂಗಳ ಕಥೆ ಅಲ್ಲೇ ಇದೆ. ಅಥವಾ ಮಗಳ ಪಾಲು ತೆಗೆದುಕೊಳ್ಳಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಕಾನೂನು ಬಂತು. ಆ ಕಾನೂನು ಜಾರಿಯಾದ ದಿನ ತಂದೆ ಬದುಕಿರಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದನ್ನ ಈ ಕಾನೂನು ಮುಟ್ಟಲ್ಲ. ಈಗ ಯೋಚನೆ ಮಾಡಿ: ಅಜ್ಜನ ಟ್ರಂಕಿನ ತಳದಲ್ಲಿ ಹಳದಿಯಾದ ಒಂದು ಪತ್ರ. ಮಗಳು ಬಿಡಿಸಿ ನೋಡ್ತಾಳೆ, ಬೆರಳು ತಾರೀಖಿನ ಮೇಲೆ ನಿಲ್ಲುತ್ತೆ. ನವೆಂಬರ್ 2004 ಇದ್ದರೆ ಒಂದು ಕಥೆ, ಜನವರಿ 2005 ಇದ್ದರೆ ಇನ್ನೊಂದು. ಈ ಒಂದು ಶಾಟ್‌ಗೆ ಮನೆಮನೆಯಲ್ಲಿ ಹೆಣ್ಣುಮಕ್ಕಳು ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂರ್ತಾರೆ. ಅದನ್ನ ಬಿಟ್ಟು ಸೊಸೆಗೆ ವಿಷ, ಅತ್ತೆಗೆ ವಿಷ, ಪಾಯಸಕ್ಕೆ ವಿಷ.

‘ಸೀರಿಯಲ್ ತಾನೇ, ಮನರಂಜನೆಗೆ ಇಷ್ಟೆಲ್ಲ ಯಾಕೆ? ದಿನಕ್ಕೊಂದು ಕಂತು ಕೊಡಬೇಕು, ಗುರುವಾರ ಬಾರ್ಕ್ ಟಿಆರ್‌ಪಿ ಬರುತ್ತೆ, ಬಜೆಟ್ ಇಲ್ಲ’ ಅಂತ ಹೇಳುವವರಿದ್ದಾರೆ. ದಿನಕ್ಕೊಂದು ಕಂತು ಬರೆಯೋ ಕಷ್ಟ ನನಗೆ ಅರ್ಥವಾಗುತ್ತೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷ, ವಾರಕ್ಕೆ ಐದು-ಆರು ಕಂತು, ಒಮ್ಮೊಮ್ಮೆ ಮಾತು ಹಿಂದಿನ ರಾತ್ರಿ ಸೆಟ್ಟಿಗೆ ಹೋಗುತ್ತೆ. ಆದರೆ ಬಜೆಟ್ ಮಾತು ಒಪ್ಪಲ್ಲ. ಒಂದು ಕಪಾಳಮೋಕ್ಷಕ್ಕೆ ಮನೆಯ ಎಂಟು ಜನರ ಮುಖ ಮೂರು ಮೂರು ಸಲ ತೋರಿಸೋಕೆ ಸಮಯ ಇದೆ. ಪತ್ರದ ಮೇಲಿನ ತಾರೀಖು ತೋರಿಸೋಕೆ ಖರ್ಚೇನು?

ಟಿಆರ್‌ಪಿ ಬರಲ್ಲ ಅನ್ನುವವರು ಟಿ.ಎನ್. ಸೀತಾರಾಮ್ ಅವರ ಸೀರಿಯಲ್‌ಗಳನ್ನ ಮರೆತಿದ್ದಾರೆ. ವಕೀಲ ಸಿಎಸ್‌ಪಿ ಸಾಕ್ಷಿಯನ್ನ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳ್ತಾ ಹೋದರೆ ಇಡೀ ಕಂತು ಅದೇ ಆದರೂ ಜನ ಅಲ್ಲಾಡ್ತಿರಲಿಲ್ಲ. ಕೋರ್ಟ್ ಮೆಟ್ಟಿಲು ಹತ್ತದ ಅಜ್ಜಿಯರೂ ಅಡ್ಡ ವಿಚಾರಣೆ ಅಂದರೇನು ಅಂತ ತಿಳಿದುಕೊಂಡರು. ‘ಕನ್ನಡತಿ’ಯಲ್ಲಿ ನಾಯಕಿ ಕನ್ನಡ ಮೇಷ್ಟ್ರು. ಕಂತಿನ ಕೊನೆಗೆ ಪದಬಳಕೆಯ ಪುಟ್ಟ ಪಾಠವನ್ನೂ ಇಟ್ಟಿದ್ದರು, ಜನ ಎದ್ದುಹೋಗಲಿಲ್ಲ, ಅದಕ್ಕೇ ಕಾದು ಕೂತರು. ಕೆಲಸ ಬಲ್ಲವರ ಕೆಲಸ ನೋಡೋಕೆ ನಮ್ಮ ಜನಕ್ಕೆ ಇಷ್ಟ. ಕೋರ್ಟನ್ನ ಹಾಗೆ ತೋರಿಸಬಹುದಾದರೆ ತೋಟವನ್ನ ಯಾಕಾಗಲ್ಲ?

ಇಷ್ಟು ಹೊತ್ತು ನನಗೆ ಹೇಳಬೇಕಿದ್ದದ್ದು ರೈಟ್ರ ವಿಷಯ. ನಮ್ಮ ಕಡೆ ರೈಟ್ರು ಅಂದರೆ ಕಥೆ ಬರೆಯುವವರಲ್ಲ, ತೋಟದ ಲೆಕ್ಕ ಬರೆಯುವವರು. ಆಳುಗಳ ಹಾಜರಿ ಬರೆಯೋ ಚೆಕ್‌ರೋಲ್ ಅವರದ್ದು, ಗೋಡೌನ್ ಬೀಗ ಅವರದ್ದು. ಯಜಮಾನನ ಗುಟ್ಟೂ ಆಳುಗಳ ಲೈನ್ ಮನೆಯ ಗುಟ್ಟೂ ಎರಡೂ ಗೊತ್ತಿರುವ ಒಬ್ಬನೇ ಮನುಷ್ಯ. ಯಾವ ಸೀರಿಯಲ್‌ನಲ್ಲಾದರೂ ನೋಡಿದ್ದೀರಾ? ಇಲ್ಲ. ಅಲ್ಲಿ ಎಸ್ಟೇಟ್ ಅಂದರೆ ಸೋಫಾ ಇರುವ ಹಾಲ್.

ಕುಯ್ಲಿನ ಸಂಜೆ ಐದು ಗಂಟೆ. ಕಣದ ಪಕ್ಕದಲ್ಲಿ ತಕ್ಕಡಿ ನೇತಾಡ್ತಿದೆ. ಹೆಂಗಸರು ಚೀಲ ಹೊತ್ತು ಸಾಲಾಗಿ ಬರ್ತಾರೆ, ಕುಯ್ಲು ಕೆಜಿ ಲೆಕ್ಕದ್ದು. ರೈಟ್ರು ಒಂದು ಚೀಲ ನೆಲಕ್ಕೆ ಸುರಿಸಿ ಕೈಯಾಡಿಸ್ತಾರೆ. ಹಸಿರು ಕಾಯಿ ಹೆಚ್ಚಿದ್ದರೆ ಅಲ್ಲೇ ಆರಿಸಿ ಬೇರೆ ಮಾಡಬೇಕು, ಯಾಕೆಂದರೆ ಕಾಯಿ ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸೋ ಮೆಷಿನ್‌ಗೆ, ಹೋದರೆ ಸಿಪ್ಪೆ ಬಿಡಲ್ಲ, ಬೀಜ ಕಡಿಯುತ್ತೆ, ಇಡೀ ಲಾಟಿನ ರುಚಿ ಕೆಡುತ್ತೆ. ಹಣ್ಣು ಅದೇ ದಿನ ಪಲ್ಪ್ ಆಗಬೇಕು, ರಾತ್ರಿ ಕಳೆದರೆ ಹುಳಿ ಹಿಡಿಯುತ್ತೆ. ಐದಾರು ಕೆಜಿ ಹಣ್ಣು ಸೇರಿದರೆ ಒಂದು ಕೆಜಿ ಬೀಜ. ಒಬ್ಬಳು ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟಿದ್ದಾಳೆ, ಅರ್ಧ ಕೆಜಿ ಕಮ್ಮಿ ಬರೆದಿರಿ ಅಂತಾಳೆ. ರೈಟ್ರು ಪುಸ್ತಕದಿಂದ ತಲೆ ಎತ್ತಲ್ಲ. ಅಷ್ಟರಲ್ಲಿ ಫೋನಿಗೆ ಮೆಸೇಜು: ಮೇಲಿನ ತೋಟಕ್ಕೆ ಆನೆ ಇಳಿದಿದೆ. ಲೈನ್‌ಗೆ ಹೋಗೋ ದಾರಿ ಅದೇ. ಪಶ್ಚಿಮಕ್ಕೆ ಮೋಡ ಕಟ್ಟಿದೆ, ಡಿಸೆಂಬರ್‌ನ ಅಕಾಲ ಮಳೆ. ಕಣದಲ್ಲಿ ಒಂದು ವಾರ ಒಣಗಿದ ಪಾರ್ಚ್‌ಮೆಂಟ್, ಅಂದರೆ ಪಲ್ಪ್ ಮಾಡಿ ತೊಳೆದ ಬೀಜ, ಹರಡಿಕೊಂಡಿದೆ. ಕತ್ತಲಾಗೋ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು, ನೆನೆದರೆ ಬೂಷ್ಟು ಹಿಡಿಯುತ್ತೆ. ಜನರನ್ನ ಮನೆಗೆ ಕಳಿಸೋದಾ, ಕಣಕ್ಕೆ ಕರೆಯೋದಾ?

ಇಲ್ಲಿ ಕಂತು ಮುಗಿಸಿ ನೋಡಿ. ಮರುದಿನ ಒಬ್ಬರೂ ಚಾನೆಲ್ ಬದಲಿಸಲ್ಲ.

ಬರೆಯುವವರಿಗೆ ಇದನ್ನ ಹೇಳಿಕೊಡೋಕೆ ಇಲ್ಲಿ ಜನ ಸಿದ್ಧ ಇದ್ದಾರೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವೇ ಇದೆ. ಅಷ್ಟು ದೂರ ಆಗದಿದ್ದರೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ತೋಟದ ರೈಟ್ರನ್ನಾದರೂ ಕೇಳಿ, ಒಂದು ಸಂಜೆ ಕಣದಲ್ಲಿ ಕೂರಿಸಿ ಎಲ್ಲ ಹೇಳ್ತಾರೆ.

ಈಗಷ್ಟೇ ಮುಂದಿನ ವಾರದ ಪ್ರೋಮೋ ಬಂತು. ಆಷಾಢ ಇನ್ನೂ ಮುಗಿದಿಲ್ಲ, ಹುಡುಗಿ ಇನ್ನೂ ತವರಲ್ಲೇ ಇದ್ದಾಳೆ. ಹಿಂದೆ ಕಣದ ತುಂಬ ಕಾಫಿ ಒಣಗೋಕೆ ಹಾಕಿದ್ದಾರೆ.