ಐದು ಗಂಟೆಯ ಲೆಕ್ಕ ಎಲ್ಲರಿಗೂ ಹೊಂದಲ್ಲ

ಬಿಡುವಿಲ್ಲದ ಬದುಕಿನಲ್ಲಿ ದೇವರಿಗೆ ಸಮಯ ಕೊಡುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ ಮಾಡದವರು ದೇವರಿಗೆ ಮೊದಲ ಸ್ಥಾನ ಕೊಟ್ಟಿಲ್ಲ ಅನ್ನುವ ಅದರ ಮಾತು ಒಪ್ಪಲು ಕಷ್ಟ. ಯೇಸುಸ್ವಾಮಿ ಕತ್ತಲಿರುವಾಗಲೇ ಎದ್ದು ಪ್ರಾರ್ಥಿಸಿದ್ದು ನಿಜ, ಬೈಬಲಿನ ಮಾರ್ಕ 1:35ರಲ್ಲಿದೆ. ಅದರ ಹಿಂದೆ ಮುಂದೆಯೂ ಸ್ವಲ್ಪ ಓದಿ. ಹಿಂದಿನ ಸಂಜೆ ಕಾಯಿಲೆಯವರನ್ನು ಕರೆದುಕೊಂಡು ಊರಿಗೆ ಊರೇ ಸ್ವಾಮಿ ಇದ್ದ ಮನೆಯ ಬಾಗಿಲ ಮುಂದೆ ಸೇರಿತ್ತು. ಬೆಳಿಗ್ಗೆ ಶಿಷ್ಯ ಸೀಮೋನ ಮತ್ತು ಜೊತೆಯವರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅಂದರು. ಸ್ವಾಮಿ ವಾಪಸ್ ಹೋಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ ಅಂದರು. ಕಾಯುತ್ತಿರುವ ಜನರನ್ನೇ ಬಿಟ್ಟು ಹೋಗಬೇಕಾದರೆ ತನ್ನ ಕೆಲಸ ಯಾವುದು ಅಂತ ಗಟ್ಟಿಯಾಗಿ ಗೊತ್ತಿರಬೇಕು. ನಮ್ಮ ಕೈಲಾಗದಿರುವುದು ಅದೇ ಅಲ್ವಾ? ಯಾರು ಏನು ಕೇಳಿದರೂ ಸುಮ್ನೆ ಹೂಂ ಅಂದುಬಿಡುತ್ತೇವೆ.

ರಾತ್ರಿ ಪಾಳಿ ಮಾಡುವ ನರ್ಸ್‌ಗೆ ಐದು ಗಂಟೆಗೆ ಇನ್ನೂ ಡ್ಯೂಟಿಯೇ ಮುಗಿದಿರುವುದಿಲ್ಲ. ಹಸುಗೂಸಿನ ತಾಯಿಗೆ ಆಗ ತಾನೇ ಕಣ್ಣು ಹತ್ತಿರುತ್ತದೆ. ಇಂಥವರಿಗೆ ಬೈಬಲಿನ ದಾನಿಯೇಲನ ರೀತಿ ಹೊಂದಬಹುದು. ರಾಜ್ಯದ ಮೂವರು ಮುಖ್ಯ ಅಧಿಕಾರಿಗಳಲ್ಲಿ ಅವನೊಬ್ಬ, ಕೆಲಸಕ್ಕೇನು ಕಡಿಮೆ! ಆದರೂ ದಿನಕ್ಕೆ 3 ಸಲ ಮೊಣಕಾಲೂರುತ್ತಿದ್ದ. ಎಷ್ಟು ಹೊತ್ತು ಅಂತ ಅಲ್ಲಿ ಬರೆದಿಲ್ಲ. ಪ್ರಾರ್ಥನೆ ಉದ್ದವೇ ಇರಬೇಕೆಂದಿಲ್ಲ, ಬೈಬಲಿನ 117ನೇ ಕೀರ್ತನೆಯಲ್ಲಿ ಇರುವುದೇ 2 ವಚನ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಲೇ ಹೇಳಿ ಮುಗಿಸಬಹುದು.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ. ಚರ್ಚಿನ ಕಮಿಟಿ, ಗಾಯನದ ಅಭ್ಯಾಸ, ಹಬ್ಬದ ತಯಾರಿ, ಇವೂ ನಮ್ಮ ಬಿಡುವನ್ನು ಜಾಸ್ತಿಯೇ ತಿನ್ನುತ್ತವೆ. ಲೂಕ 10ರಲ್ಲಿ ಯೇಸುವನ್ನು ಮನೆಗೆ ಕರೆದ ಮಾರ್ಥಳೂ, ಅವರ ಮಾತು ಕೇಳಲು ಕೂರದೆ ಓಡಾಡುತ್ತಿದ್ದದ್ದು ಸ್ವಾಮಿಯ ಉಪಚಾರಕ್ಕೇ. ಇದರ ಬಗ್ಗೆಯೂ ಬರೆಯಿರಿ, ಓದಲು ಕಾಯುತ್ತೇನೆ.