ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಬೇಕೇ?

ಪರ: ಕಡ್ಡಾಯ ಮಾಡಿದ ಮೇಲೆ ಬಿಟ್ಟಿ ಯಾಕೆ?

ಇಂಟರ್ನ್‌ಶಿಪ್ ಅಂದರೆ ಒಂದು ಕಾಲಕ್ಕೆ ಆಸಕ್ತಿ ಇದ್ದವರು ಮಾಡುವ ಕೆಲಸ. ರಜೆಯಲ್ಲಿ ಯಾವುದೋ ಲ್ಯಾಬಿಗೋ ಆಫೀಸಿಗೋ ಹೋಗಿ ನಾಲ್ಕು ವಿಷಯ ಕಲಿತು ಬರುತ್ತಿದ್ದರು. ಬೇಡ ಅನ್ನಿಸಿದವರು ಊರಿಗೆ ಹೋಗುತ್ತಿದ್ದರು. ಈಗ ಹಾಗಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನ 2022ರ ಸ್ಕೀಮ್ (ಪಠ್ಯಕ್ರಮ) ತೆಗೆದು ನೋಡಿ, ಕೊನೆಯ ವರ್ಷದಲ್ಲಿ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ಐದು ವರ್ಷದ ಕಾನೂನು ಕೋರ್ಸಿಗೆ ಒಟ್ಟು 20 ವಾರ ಅಂತ ಬಾರ್ ಕೌನ್ಸಿಲ್ 2008ರಲ್ಲೇ ನಿಯಮ ಮಾಡಿದೆ. ಡಿಗ್ರಿ ವಿದ್ಯಾರ್ಥಿಗಳು ನಾಲ್ಕನೇ ಸೆಮಿಸ್ಟರ್ ಆದಮೇಲೆ 60ರಿಂದ 120 ಗಂಟೆ ಇಂಟರ್ನ್‌ಶಿಪ್ ಮಾಡಲಿ ಅಂತ ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿ ಹೇಳುತ್ತದೆ. ಇದಕ್ಕೆ ಸಿಗುವ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಕ, ಬರದಿದ್ದರೆ ಡಿಗ್ರಿ ಬರುವುದಿಲ್ಲ.

ಹೀಗೆ ಕಡ್ಡಾಯ ಮಾಡಿದ ಮೇಲೆ ಖರ್ಚು ಯಾರದು ಅನ್ನುವ ಪ್ರಶ್ನೆಯನ್ನು ಕೇಳಲೇಬೇಕು. ರಾಯಚೂರಿನ ಹುಡುಗನೊಬ್ಬ ಬೆಂಗಳೂರಿನ ಕಂಪನಿಯಲ್ಲಿ ನಾಲ್ಕು ತಿಂಗಳು ಇರಬೇಕು ಅಂದುಕೊಳ್ಳಿ. ಮೂರು ಜನ ಹಂಚಿಕೊಳ್ಳುವ ಪಿಜಿ ರೂಮಿಗೆ ತಿಂಗಳಿಗೆ ಎಂಟರಿಂದ ಹತ್ತು ಸಾವಿರ. ಮೇಲೆ ಅಡ್ವಾನ್ಸ್, ಬಸ್ಸು ಅಥವಾ ಮೆಟ್ರೋ, ಮಧ್ಯಾಹ್ನದ ಊಟ. ನಲವತ್ತು ಸಾವಿರ ಆರಾಮಾಗಿ ದಾಟುತ್ತದೆ. ಅದೇ ಸೆಮಿಸ್ಟರ್‌ನ ಫೀಸನ್ನೂ ಕಾಲೇಜಿಗೆ ಕಟ್ಟಿರುತ್ತಾನೆ. ಅಂದರೆ ಫೀಸು ಕಾಲೇಜಿಗೆ, ದುಡಿಮೆ ಕಂಪನಿಗೆ, ಸಾಲ ಅಪ್ಪನಿಗೆ. ಕಂಪನಿಯವರು ಅವನ ಕೈಲಿ ಟೆಸ್ಟಿಂಗ್ ಮಾಡಿಸುತ್ತಾರೆ, ಎಕ್ಸೆಲ್ ಶೀಟ್ ತುಂಬಿಸುತ್ತಾರೆ, ಗಿರಾಕಿಗಳಿಗೆ ಫೋನ್ ಮಾಡಿಸುತ್ತಾರೆ. ಅದೆಲ್ಲ ಕೆಲಸವೇ ಅಲ್ವಾ?

ಚಿಕ್ಕಮ್ಮನ ಮನೆ ಜಯನಗರದಲ್ಲಿ ಇದ್ದವರಿಗೆ ಇದು ತೊಂದರೆಯೇ ಅಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಅಲ್ಲಿಯೇ. ಬಿಟ್ಟಿ ಇಂಟರ್ನ್‌ಶಿಪ್ ಮೇಲುನೋಟಕ್ಕೆ ಎಲ್ಲರಿಗೂ ತೆರೆದ ಬಾಗಿಲು. ಆದರೆ ಒಳಗೆ ಹೋಗಲು ಆಗುವುದು ನಾಲ್ಕು ತಿಂಗಳು ದುಡಿಯದೆ ಬದುಕಬಲ್ಲವರಿಗೆ ಮಾತ್ರ. ರಜೆಯಲ್ಲಿ ಕೇಟರಿಂಗ್ ಕೆಲಸಕ್ಕೋ ಡೆಲಿವರಿಗೋ ಹೋಗಿ ಮುಂದಿನ ವರ್ಷದ ಫೀಸು ಹೊಂದಿಸುವ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ಯಾವ ಸರ್ಕಾರಿ ಕಾಲೇಜಿನ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಅವರಿಗೆ ಬಿಟ್ಟಿ ಇಂಟರ್ನ್‌ಶಿಪ್ ಅಂದರೆ ಎರಡು ನಷ್ಟ. ಕೈಯಿಂದ ಖರ್ಚು ಒಂದು ಕಡೆ, ಬರಬೇಕಿದ್ದ ಕೂಲಿ ತಪ್ಪುವುದು ಇನ್ನೊಂದು ಕಡೆ.

ಇಷ್ಟು ಒತ್ತಡ ಇದ್ದಲ್ಲಿ ವ್ಯಾಪಾರಿಗಳು ಬರದೇ ಇರುತ್ತಾರಾ? ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಪೋಸ್ಟರ್ ಬಂದು ಬೀಳುತ್ತದೆ. ಮೇಲೆ ‘ಎಐ, ಎಂಎಲ್, ಡೇಟಾ ಸೈನ್ಸ್’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ಟೈಪೆಂಡ್: ಪರ್ಫಾರ್ಮೆನ್ಸ್ ಬೇಸ್ಡ್’. ಫಾರಂ ತುಂಬಿದ ಮರುದಿನವೇ ಸೆಲೆಕ್ಟ್ ಆಗಿದ್ದೀರಿ ಅಂತ ಮೇಲ್. ಅದರ ಕೊನೆಯ ಸಾಲಿನಲ್ಲಿ ‘ಟ್ರೈನಿಂಗ್ ಕಿಟ್ ಶುಲ್ಕ’ ಅಂತ ಕೆಲವು ಸಾವಿರ, ಪಕ್ಕದಲ್ಲೇ ಯುಪಿಐ ಕ್ಯೂಆರ್ ಕೋಡ್. ಕಟ್ಟಿದರೆ ನಾಲ್ಕು ರೆಕಾರ್ಡೆಡ್ ವಿಡಿಯೋ, ಒಂದು ಕ್ವಿಜ್, ಬಂಗಾರದ ಬಣ್ಣದ ಸೀಲ್ ಇರುವ ಸರ್ಟಿಫಿಕೇಟ್. ಕಾಲೇಜಿಗೆ ಬೇಕಾಗಿರುವುದು ಆ ಸರ್ಟಿಫಿಕೇಟ್, ಮಕ್ಕಳಿಗೆ ಬೇಕಾಗಿರುವುದು ಕ್ರೆಡಿಟ್. ಕಲಿಯುವುದು ಯಾರಿಗೂ ನೆನಪಾಗುವುದಿಲ್ಲ. ಸ್ಟೈಪೆಂಡ್ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬಿದ್ದ ದಾಖಲೆ ತೋರಿಸಿದರೆ ಮಾತ್ರ ಕ್ರೆಡಿಟ್ ಅಂತ ವಿಶ್ವವಿದ್ಯಾಲಯ ಒಂದು ಸಾಲಿನ ನಿಯಮ ಮಾಡಲಿ. ಈ ದಂಧೆಯ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ.

‘ಅವರಿನ್ನೂ ಕಲಿಯುವವರು, ಕಲಿಯುವವರಿಗೆ ಸಂಬಳ ಯಾಕೆ’ ಅನ್ನುವ ಮಾತು ಕೇಳಿದ್ದೇನೆ. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿರುವವರೂ ಕಲಿಯುವವರೇ. ಆದರೂ ಅವರಿಗೆ ಸ್ಟೈಪೆಂಡ್ ಇದೆ. 2020ರಲ್ಲಿ ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಸ್ಟೈಪೆಂಡ್ ಬರದೆ ಮೆಡಿಕಲ್ ಇಂಟರ್ನ್‌ಗಳು ಬೀದಿಗಿಳಿದರು. ‘ಕಲಿಯುತ್ತಿದ್ದೀರಿ, ಸುಮ್ನಿರಿ’ ಅಂತ ಅವರಿಗೆ ಹೇಳುವುದು ನ್ಯಾಯವಾಗುತ್ತಿತ್ತಾ? ಅಪ್ರೆಂಟಿಸ್ ಕಾಯ್ದೆ 1961ರದು. ಅದರ ನಿಯಮಗಳನ್ನು 2019ರಲ್ಲಿ ತಿದ್ದಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಗೊತ್ತುಮಾಡಿದರು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರಲ್ಲಿ ತಿಂಗಳಿಗೆ 5,000 ರೂಪಾಯಿ ಕೊಡುವುದೆಂದಾಯಿತು. 4,500 ಸರ್ಕಾರದ್ದು, 500 ಕಂಪನಿಯದ್ದು. ಆದರೆ ಪೂರ್ಣಾವಧಿ ಕಾಲೇಜಿಗೆ ಹೋಗುತ್ತಿರುವವರಿಗೆ ಅದು ಇಲ್ಲ ಅಂತ ಆಗ ನಿಯಮ ಮಾಡಿದರು. ಇಂಟರ್ನ್‌ಗೆ ಕೈಖರ್ಚಿಗಾದರೂ ದುಡ್ಡು ಬೇಕು ಅಂತ ಸರ್ಕಾರವೇ ಒಪ್ಪಿದೆ. ಹಾಗಿದ್ದ ಮೇಲೆ ಡಿಗ್ರಿ ಓದುವವರನ್ನು ಯಾಕೆ ಹೊರಗಿಡಬೇಕು?

ಹೊರದೇಶದ್ದು ಎರಡೇ ಮಾತು. ಫ್ರಾನ್ಸಿನಲ್ಲಿ ಇಂಟರ್ನ್‌ಶಿಪ್ ಎರಡು ತಿಂಗಳು ದಾಟಿದರೆ ದುಡ್ಡು ಕೊಡುವುದು ಕಾನೂನು. ಅಮೆರಿಕದ ವೈಟ್ ಹೌಸ್ ಕೂಡ 2022ರಲ್ಲಿ ತನ್ನ ಇಂಟರ್ನ್‌ಗಳಿಗೆ ಕೊಡಲು ಶುರುಮಾಡಿತು.

ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿ ಮತ್ತು ಅಲಹಾಬಾದಿನ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ, ಸ್ಟೈಪೆಂಡ್, ಹೋಗಿಬರುವ ರೈಲು ಚಾರ್ಜು. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಒಂದಿದೆ. ಮಕ್ಕಳು ಅಲ್ಲಿಂದ ಸೋಮಾರಿಗಳಾಗಿಯೇನೂ ಬರುವುದಿಲ್ಲ. ದುಡ್ಡು ಕೊಟ್ಟವರು ಕೆಲಸವನ್ನೂ ಸರಿಯಾಗಿ ಹಚ್ಚುತ್ತಾರೆ, ಯಾರು ಏನು ಮಾಡುತ್ತಿದ್ದಾರೆ ಅಂತ ಕೇಳುತ್ತಾರೆ. ಬಿಟ್ಟಿ ಬಂದವರನ್ನು ಮೂಲೆಯಲ್ಲಿ ಕೂರಿಸಿ ಮರೆತುಬಿಡುವುದು ಸುಲಭ. ಕ್ರೆಡಿಟ್ ಇರುವುದು ವಿಶ್ವವಿದ್ಯಾಲಯದ ಕೈಯಲ್ಲಿ. ಅದು ಪಟ್ಟು ಹಿಡಿದರೆ ಕಂಪನಿಗಳು ಐದು ಸಾವಿರವನ್ನಾದರೂ ಹೊಂದಿಸುತ್ತವೆ.

ವಿರೋಧ: ಈ ನಿಯಮದಿಂದ ನಷ್ಟ ನಮ್ಮ ಮಕ್ಕಳಿಗೇ

ನಾನು ಮಲೆನಾಡಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಶುಲ್ಕ ಕಿತ್ತುಕೊಂಡು ಸರ್ಟಿಫಿಕೇಟ್ ಹಂಚುವವರ ಬಗ್ಗೆ ಮೇಲಿನ ಲೇಖಕರಿಗೆ ಇರುವ ಸಿಟ್ಟು ನನಗೂ ಇದೆ. ಅಂಥ ಕಡೆ ಮಾಡಿದ ಇಂಟರ್ನ್‌ಶಿಪ್‌ಗೆ ನಾಳೆಯಿಂದಲೇ ಕ್ರೆಡಿಟ್ ನಿಲ್ಲಿಸಲಿ. ಆದರೆ ಶುಲ್ಕ ಕೇಳುವವರು ಬೇರೆ, ಕೊಡಲು ಕೈಯಲ್ಲಿ ಏನೂ ಇಲ್ಲದವರು ಬೇರೆ. ಎರಡಕ್ಕೂ ಒಂದೇ ಕತ್ತರಿ ಹಾಕಿದರೆ ನಮ್ಮ ಕಡೆ ಉಳಿಯುವುದು ಏನೂ ಇಲ್ಲ.

ನಮ್ಮ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ನೋಡಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುವವರು ಇಬ್ಬರೋ ಮೂವರೋ ಸಿಬ್ಬಂದಿ ಇರುವ ಸ್ವಯಂಸೇವಾ ಸಂಸ್ಥೆಗೆ. ಪತ್ರಿಕೋದ್ಯಮದವರು ಜಿಲ್ಲಾ ಪತ್ರಿಕೆಗೆ. ಕಾನೂನು ಓದುವವರು ತಾಲ್ಲೂಕು ಕೋರ್ಟಿನ ವಕೀಲರ ಹತ್ತಿರ. ಆ ವಕೀಲರ ಜೂನಿಯರ್‌ಗೇ ಕೈಗೆ ಹತ್ತುವ ದುಡ್ಡು ಅಷ್ಟಕ್ಕಷ್ಟೆ. ಇತಿಹಾಸದವರು ಸರ್ಕಾರಿ ಮ್ಯೂಸಿಯಂಗೆ. ವಿಜ್ಞಾನದವರು ಹತ್ತಿರದ ವಿಶ್ವವಿದ್ಯಾಲಯದ ಲ್ಯಾಬಿಗೆ. ಅಲ್ಲಿ ಕೆಮಿಕಲ್ ತರಿಸಲೇ ಮೂರು ಸಲ ಫೈಲ್ ಓಡಾಡಬೇಕು. ಇವರ ಮುಂದೆ ಹೋಗಿ ‘ಸ್ಟೈಪೆಂಡ್ ಕೊಡಿ, ಇಲ್ಲದಿದ್ದರೆ ಕ್ರೆಡಿಟ್ ಇಲ್ಲ’ ಅಂದರೆ ‘ಹಾಗಾದರೆ ಬೇಡ ಬಿಡಿ, ಕಳಿಸಬೇಡಿ’ ಅನ್ನುತ್ತಾರೆ. ಅವರಿಗೆ ನಷ್ಟವೇನಿದೆ? ಕಲಿಸುವುದು ಅವರಿಗೂ ಹೆಚ್ಚುವರಿ ಕೆಲಸವೇ.

ಖರ್ಚಿನ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ಭದ್ರಾವತಿಯ ಹುಡುಗಿಯೊಬ್ಬಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಆರು ವಾರ ಮಾಡಿದರೆ ಮನೆಯಿಂದಲೇ ಓಡಾಡಬಹುದು. ಸರ್ಕಾರಿ ಬಸ್ಸು ಸಿಕ್ಕರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಟಿಕೆಟ್ ಇಲ್ಲ. ಬುತ್ತಿ ಮನೆಯದು. ಅವಳಿಗೆ ಬೆಂಗಳೂರಿನ ಪಿಜಿ ಲೆಕ್ಕ ತೋರಿಸಿ ಈ ಅವಕಾಶ ತಪ್ಪಿಸುವುದು ಯಾವ ನ್ಯಾಯ?

ಮುಖ್ಯ ಮಾತು ಇನ್ನೊಂದಿದೆ. ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಒಳ್ಳೆಯದು, ಒಪ್ಪುತ್ತೇನೆ. ಅದಕ್ಕೆ ಅರ್ಜಿ ಹಾಕುವುದು ಹೇಗೆ? ಚಳಿಗಾಲಕ್ಕೆ ಮೊದಲೇ ಗೊತ್ತಿರಬೇಕು. ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು. ನೀವು ಏನು ಮಾಡಬೇಕೆಂದಿದ್ದೀರಿ ಅಂತ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆಯಬೇಕು. ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಈ ಕೊನೆಯದರಲ್ಲಿ. ಲ್ಯಾಬಿನ ಒಳಗೆ ಕಾಲಿಡದವರು ಬರೆಯುವುದು ‘ನನಗೆ ಚಿಕ್ಕಂದಿನಿಂದ ವಿಜ್ಞಾನ ಅಂದರೆ ತುಂಬಾ ಇಷ್ಟ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಆಸೆ’ ಅಂತ. ಒಂದೇ ಪತ್ರ ಎಲ್ಲ ಪ್ರೊಫೆಸರ್‌ಗಳಿಗೂ ಹೋಗುತ್ತದೆ, ಹೆಸರು ಮಾತ್ರ ಬೇರೆ. ಕೆಲವೊಮ್ಮೆ ಹೆಸರು ಬದಲಿಸುವುದನ್ನೂ ಮರೆತಿರುತ್ತಾರೆ. ಉತ್ತರ ಬರುವುದಿಲ್ಲ.

ಅದೇ ವಿದ್ಯಾರ್ಥಿನಿ ಆರು ವಾರ ಯಾರದೋ ಲ್ಯಾಬಿನಲ್ಲಿ ಅಗಾರ್ ತೂಗಿ, ಪೆಟ್ರಿ ಡಿಶ್ ತೊಳೆದು, ಡಿಎನ್‌ಎ ತೆಗೆದು, ಅದರ ತುಣುಕುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ ಓಡಿಸಿ ಬರಲಿ. ಜೆಲ್‌ನಲ್ಲಿ ಗೆರೆ ಸ್ಪಷ್ಟವಾಗಿ ಬರದೆ ಹರಡಿಕೊಂಡಿತು, ಡಿಎನ್‌ಎ ಒಡೆದಿರಬೇಕು ಅನ್ನಿಸಿತು, ಮುಂದಿನ ಸಲ ಸ್ಯಾಂಪಲನ್ನು ಐಸಿನಲ್ಲೇ ಇಟ್ಟುಕೊಂಡೆ ಅಂತ ಎರಡು ಸಾಲು ಬರೆಯುತ್ತಾಳೆ. ಆಯ್ಕೆ ಮಾಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಅವಳಿಗೆ ಶಿಫಾರಸು ಪತ್ರ ಬರೆಯುವ ನನಗೂ ಆಗ ಹೇಳಲು ವಿಷಯ ಇರುತ್ತದೆ. ಬಿಟ್ಟಿಯಾದರೂ ಸರಿ, ಆ ಮೊದಲ ಮೆಟ್ಟಿಲು ಇದ್ದರೆ ತಾನೇ ಸ್ಟೈಪೆಂಡ್ ಇರುವ ಎರಡನೇ ಮೆಟ್ಟಿಲು ಹತ್ತುವುದು? ನಗರದ ದೊಡ್ಡ ಕಾಲೇಜುಗಳಲ್ಲಿ ಮೊದಲ ಮೆಟ್ಟಿಲು ಕ್ಯಾಂಪಸ್ಸಿನ ಒಳಗೇ ಇದೆ. ನಮ್ಮಲ್ಲಿ ಇಲ್ಲ.

ಖಾತೆಗೆ ದುಡ್ಡು ಬಿದ್ದ ದಾಖಲೆ ಕೇಳಿದರೆ ದಂಧೆ ನಿಲ್ಲುತ್ತದೆ ಅಂತ ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸರ್ಟಿಫಿಕೇಟ್ ಮಾರುವವರು ಹತ್ತು ಸಾವಿರ ಫೀಸು ನಗದಾಗಿ ಇಸ್ಕೊಂಡು, ಅದರಲ್ಲೇ ಆರು ಸಾವಿರವನ್ನು ‘ಸ್ಟೈಪೆಂಡ್’ ಅಂತ ಖಾತೆಗೆ ಹಾಕುತ್ತಾರೆ. ದಾಖಲೆ ಪಕ್ಕಾ ಇರುತ್ತದೆ. ನಿಯಮಕ್ಕೆ ಸಿಕ್ಕಿಬೀಳುವುದು ಲೆಕ್ಕ ತಿರುಚಲು ಬಾರದ ಸಣ್ಣ ಸಂಸ್ಥೆ ಮಾತ್ರ. ಸುಳ್ಳು ಹಿಡಿಯಬೇಕಿದ್ದರೆ ಗೈಡ್ ಆದವರು ನಡುವೆ ಒಂದು ದಿನ ಅಲ್ಲಿಗೆ ಹೋಗಿ ನೋಡಬೇಕು, ಲಾಗ್‌ಬುಕ್ ಓದಬೇಕು, ವೈವಾದಲ್ಲಿ ಕೆದಕಬೇಕು. ಅದಕ್ಕೆ ನಮಗೆ ಸಮಯವನ್ನೂ ಓಡಾಟದ ಭತ್ಯೆಯನ್ನೂ ಕೊಡಲಿ. ಲಾಭ ಮಾಡುವ ಕಂಪನಿ ತಿಂಗಳುಗಟ್ಟಲೆ ದುಡಿಸಿಕೊಂಡರೆ ಸ್ಟೈಪೆಂಡ್ ಕೊಡಲೇಬೇಕು ಅನ್ನಿ, ನಾನೂ ಸಹಿ ಹಾಕುತ್ತೇನೆ.

ದುಡ್ಡು ಬೇಡ ಅಂತ ನನ್ನ ವಾದವಲ್ಲ. ದುಡ್ಡು ಕೊಡಬೇಕಾದವರು ಯಾರು ಅನ್ನುವುದರಲ್ಲಿ ನಮಗೆ ಭಿನ್ನಾಭಿಪ್ರಾಯ. ಪಿಎಚ್‌ಡಿಗೆ ಬಂದವರಿಗೆ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ಇದೆ. ಡಿಗ್ರಿ ಮಕ್ಕಳಿಗೆ ಇದ್ದ ಕೆವಿಪಿವೈ ಅನ್ನುವ ವಿಜ್ಞಾನ ಫೆಲೋಶಿಪ್ 2022ರಲ್ಲಿ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯ ಜೊತೆ ಸೇರಿಹೋಯಿತು. ಇನ್‌ಸ್ಪೈರ್ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ 80,000, ಅದರಲ್ಲಿ 20,000 ಬೇಸಿಗೆಯ ಪ್ರಾಜೆಕ್ಟಿಗೇ ಅಂತ ತೆಗೆದಿಟ್ಟಿದ್ದಾರೆ. ಆ ಏರ್ಪಾಡು ನನಗೆ ತುಂಬಾ ಇಷ್ಟ. ಸಂಸ್ಥೆಯ ಬಳಿ ದುಡ್ಡು ಇರಲಿ ಬಿಡಲಿ, ವಿದ್ಯಾರ್ಥಿಯ ಜೊತೆ ದುಡ್ಡು ಹೋಗುತ್ತದೆ. ಆದರೆ ಅದು ಪಿಯುಸಿಯಲ್ಲಿ ಬಹಳ ಮೇಲಿನ ಅಂಕ ತೆಗೆದು ವಿಜ್ಞಾನ ಓದುವವರಿಗೆ ಮಾತ್ರ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಷ್ಟೋ ವರ್ಷದಿಂದ ಸಣ್ಣ ಮೊತ್ತ ಕೊಡುತ್ತಾ ಬಂದಿದೆ. ಬಿಎ ಓದುವವರಿಗೆ ಅಂಥದ್ದೂ ಇಲ್ಲ.

ಹೊಸ ಯೋಜನೆಗೆ ಕಾಯಬೇಕಾಗಿಯೂ ಇಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ಅಂತ ತಿಂಗಳಿಗೆ ಇಷ್ಟು ದುಡ್ಡು ಇದೆ, ವರ್ಷಕ್ಕೆ ಹತ್ತು ತಿಂಗಳು. ಬಿಟ್ಟುಹೋದ ಎರಡು ತಿಂಗಳು ರಜೆಯವು, ಅಂದರೆ ಇಂಟರ್ನ್‌ಶಿಪ್ ಮಾಡುವ ತಿಂಗಳುಗಳು. ಇಂಟರ್ನ್‌ಶಿಪ್ ಪತ್ರ ಅಪ್‌ಲೋಡ್ ಮಾಡಿದವರಿಗೆ ಆ ಎರಡು ತಿಂಗಳದ್ದನ್ನೂ, ಸ್ವಲ್ಪ ಜಾಸ್ತಿ ಮಾಡಿ, ರಾಜ್ಯದ ಸ್ಕಾಲರ್‌ಶಿಪ್ ಹಂಚುವ ಎಸ್‌ಎಸ್‌ಪಿ ಪೋರ್ಟಲ್ ಮೂಲಕವೇ ಹಾಕಬಹುದು. ಖಾತೆ, ಆಧಾರ್ ಎಲ್ಲ ಅಲ್ಲಿ ಮೊದಲೇ ಜೋಡಣೆ ಆಗಿವೆ. ಜೊತೆಗೆ ಜಿಲ್ಲಾ ಕೇಂದ್ರಗಳ ಬಿಸಿಎಂ (ಹಿಂದುಳಿದ ವರ್ಗಗಳ) ಮತ್ತು ಸಮಾಜ ಕಲ್ಯಾಣ ಹಾಸ್ಟೆಲ್‌ಗಳನ್ನು ಆ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡುವವರಿಗೆ ತೆರೆದಿಡಲಿ. ಬೇರೆ ಜಿಲ್ಲೆಯಿಂದ ಬಂದವರಿಗೂ ಹಾಸಿಗೆ ಕೊಡಲಿ. ಈಗ ಪರೀಕ್ಷೆ ಮುಗಿದ ವಾರವೇ ಮಕ್ಕಳು ಟ್ರಂಕ್ ಎತ್ತಿಕೊಂಡು ಊರಿಗೆ ಹೊರಡಬೇಕಾಗಿದೆ. ನಾನು ಹುಡುಕಿಕೊಟ್ಟ ಇಂಟರ್ನ್‌ಶಿಪ್‌ಗಳು ಕೈತಪ್ಪಿದ್ದರಲ್ಲಿ ಸ್ಟೈಪೆಂಡ್ ಇಲ್ಲ ಅನ್ನುವುದಕ್ಕಿಂತ ಇದೇ ದೊಡ್ಡ ಕಾರಣ.